ನೀಲಿಹಸಿರು ಪಾಚಿಯ ಎಳೆಯಲ್ಲಿ ನಡುನಡುವೆ ಬಿಳಿಚಿದ ಕೋಶ: ಏನದು, ಯಾಕೆ ಬರುತ್ತದೆ?

ತಾರಸಿತೋಟ, ವಿಜಯನಗರ

ನಮಸ್ಕಾರ ಎಲ್ಲರಿಗೂ. ತಾರಸಿಯಲ್ಲಿ ಸಿಲ್ಪಾಲಿನ್ ಹಾಸಿ ಸಣ್ಣದೊಂದು ಅಜೋಲಾ (ನೀರಿನ ಮೇಲೆ ತೇಲುವ ಪುಟ್ಟ ಜರಿಗಿಡ) ತೊಟ್ಟಿ ಮಾಡಿದ್ದೇನೆ. ಅದರ ಪಕ್ಕ ಮಳೆನೀರು ನಿಂತ ಹಳೆ ಬಕೆಟ್ ಇದೆ. ಅದರ ಒಳಗೋಡೆಗೆ ನೀಲಿಹಸಿರು ಲೋಳೆ ಕಟ್ಟಿದೆ. ಮಗಳ ಸೂಕ್ಷ್ಮದರ್ಶಕ ಮನೆಯಲ್ಲೇ ಇತ್ತು. ಲೋಳೆಯ ಚೂರು ಸ್ಲೈಡ್ ಮೇಲಿಟ್ಟು 400 ಪಟ್ಟಿನಲ್ಲಿ ನೋಡಿದೆ.

ಉದ್ದುದ್ದ ಎಳೆಗಳು. ದುಂಡನೆಯ ಹಸಿರು ಕೋಶಗಳು ಒಂದಕ್ಕೊಂದು ಅಂಟಿ ಸಾಲಾಗಿವೆ. ಆದರೆ ಪ್ರತಿ ಹತ್ತು ಹದಿನೈದು ಕೋಶಕ್ಕೆ ಒಂದು ಕೋಶ ಬೇರೆ ಥರ ಇದೆ. ಸ್ವಲ್ಪ ದೊಡ್ಡದು. ಗೋಡೆ ದಪ್ಪ. ಹಸಿರು ಮಾಸಿ ತಿಳಿ ಹಳದಿ. ಒಳಗೆ ಏನೂ ಇಲ್ಲವೇನೋ ಅನ್ನಿಸುತ್ತದೆ. ಪಕ್ಕದ ಕೋಶಕ್ಕೆ ತಾಗುವ ಎರಡೂ ತುದಿಯಲ್ಲಿ ಒಂದೊಂದು ಮಿನುಗುವ ಚುಕ್ಕೆ. ಆಮೇಲೆ ಅಜೋಲಾ ಎಲೆಯನ್ನೂ ಅರೆದು ನೋಡಿದೆ. ಅಲ್ಲೂ ಇಂಥದೇ ಎಳೆಗಳು. ಆದರೆ ಬಿಳಿಚಿದ ಕೋಶ ಅಲ್ಲಿ ತುಂಬಾ ಜಾಸ್ತಿ.

ಇವು ಸತ್ತ ಕೋಶಗಳಾ? ಅಜೋಲಾ ಬೇರೆ ಕೆಂಪಾಗ್ತಾ ಇದೆ. ಸಾರಜನಕ ಕಮ್ಮಿ ಆಗಿರಬೇಕು, ಒಂದು ಹಿಡಿ ಯೂರಿಯಾ ಹಾಕೋಣ ಅಂತಿದ್ದೇನೆ. ತಿಳಿದವರು ಹೇಳಿ.

ಪಾಠದ ಮೇಡಂ, ಬಸವನಗುಡಿ

ಯೂರಿಯಾ ಹಾಕಬೇಡಿ ಸರ್, ದಯವಿಟ್ಟು. ಮೊದಲು ಆ ಕೋಶ ಏನು ಅಂತ ಹೇಳ್ತೀನಿ, ಆಮೇಲೆ ಯೂರಿಯಾ ಯಾಕೆ ಬೇಡ ಅನ್ನೋದು ನಿಮಗೇ ಗೊತ್ತಾಗುತ್ತದೆ.

ಅದು ಸತ್ತಿಲ್ಲ. ಅದರ ಹೆಸರು ಹೆಟರೋಸಿಸ್ಟ್. ನಿಮ್ಮ ಬಕೆಟ್ಟಿನಲ್ಲಿರುವುದು ಅನಬೀನಾ ಅಥವಾ ನಾಸ್ಟಾಕ್ ಇರಬೇಕು. ಇಡೀ ಎಳೆಗೆ ಬೇಕಾದ ಸಾರಜನಕವನ್ನು ಗಾಳಿಯಿಂದ ಹಿಡಿದು ಕೊಡುವುದು ಆ ಬಿಳಿಚಿದ ಕೋಶಗಳ ಕೆಲಸ.

ಗಾಳಿಯಲ್ಲಿ ಶೇಕಡ 78 ಸಾರಜನಕವೇ. ಆದರೆ ಅದರ ಎರಡು ಪರಮಾಣುಗಳು ಮೂರು ಬಂಧದಿಂದ ಬಿಗಿದುಕೊಂಡಿವೆ. ಅದನ್ನು ಒಡೆದು ಅಮೋನಿಯಾ ಮಾಡಲು ರಸಗೊಬ್ಬರ ಕಾರ್ಖಾನೆಗೆ 400ರಿಂದ 500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ವಾತಾವರಣದ ನೂರಾರು ಪಟ್ಟು ಒತ್ತಡ ಬೇಕು. ಈ ಪಾಚಿ ಅದೇ ಕೆಲಸವನ್ನು ನಿಮ್ಮ ತಾರಸಿಯ ಬಿಸಿಲಲ್ಲಿ, ತಣ್ಣನೆ ನೀರಲ್ಲಿ ಮಾಡುತ್ತದೆ. ಮಾಡುವ ಕಿಣ್ವ ನೈಟ್ರೋಜಿನೇಸ್. ಖರ್ಚು ಮಾತ್ರ ವಿಪರೀತ: ಒಂದು ಸಾರಜನಕ ಅಣು ಒಡೆಯಲು 16 ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಕೊಡುವ ಅಣುಗಳು.

ಖರ್ಚಿಗಿಂತ ದೊಡ್ಡ ತೊಂದರೆ ಬೇರೆ ಇದೆ. ಈ ಕಿಣ್ವಕ್ಕೆ ಆಮ್ಲಜನಕ ಆಗುವುದೇ ಇಲ್ಲ. ತಗುಲಿದರೆ ಕೆಟ್ಟು ಹೋಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ಆದರೆ ನೀಲಿಹಸಿರು ಪಾಚಿಯ ಬದುಕೇ ದ್ಯುತಿಸಂಶ್ಲೇಷಣೆ. ಬಿಸಿಲು ಬಿದ್ದಷ್ಟೂ ಹೊತ್ತು ಅದು ಆಮ್ಲಜನಕ ಬಿಡುತ್ತಲೇ ಇರುತ್ತದೆ. ಒಂದೇ ಕೋಶದೊಳಗೆ, ಒಂದೇ ಹೊತ್ತಿನಲ್ಲಿ ಈ ಎರಡೂ ಕೆಲಸ ನಡೆಯಲು ಸಾಧ್ಯವಿಲ್ಲ, ಅಲ್ವಾ?

ಸಯನೋಥೀಸೆ ಎಂಬ ಒಂಟಿಕೋಶದ ಪಾಚಿ ಹೊತ್ತು ಹಂಚಿಕೊಂಡಿದೆ. ಹಗಲು ದ್ಯುತಿಸಂಶ್ಲೇಷಣೆ, ರಾತ್ರಿ ಸಾರಜನಕದ ಕೆಲಸ. ಅನಬೀನಾ, ನಾಸ್ಟಾಕ್ ಜಾಗ ಹಂಚಿಕೊಂಡಿವೆ. ಎಳೆಯ ಬಹುಪಾಲು ಕೋಶಗಳು ಹಸಿರಾಗಿಯೇ ಉಳಿದು ಸಕ್ಕರೆ ಮಾಡುತ್ತವೆ. ನಡುವೆ ಕೆಲವು ಕೋಶಗಳು ಆಮ್ಲಜನಕ ಬಿಡುವುದನ್ನೇ ನಿಲ್ಲಿಸಿ ನೈಟ್ರೋಜಿನೇಸ್‌ಗೆ ಜಾಗ ಮಾಡಿಕೊಡುತ್ತವೆ.

ಈಗ ನೀವು ನೋಡಿದ್ದನ್ನು ಒಂದೊಂದಾಗಿ ಹೇಳ್ತೀನಿ. ದಪ್ಪ ಗೋಡೆ ಅಂದಿರಿ. ಹಳೆಯ ಗೋಡೆಯ ಹೊರಗೆ ಎರಡು ಹೊಸ ಪದರ ಬಂದಿವೆ. ಹೊರಗಿನದು ಪಾಲಿಸ್ಯಾಕರೈಡ್, ಒಳಗಿನದು ಗ್ಲೈಕೋಲಿಪಿಡ್ ಎಂಬ ಜಿಡ್ಡಿನ ಪದರ. ಅನಿಲ ಒಳಗೆ ನುಗ್ಗದ ಹಾಗೆ ತಡೆಯುವುದು ಈ ಜಿಡ್ಡು. ಬಣ್ಣ ಮಾಸಿರುವುದಕ್ಕೆ ಕಾರಣ, ಬೆಳಕು ಹಿಡಿಯುವ ನೀಲಿ ಬಣ್ಣದ ಪ್ರೋಟೀನುಗಳನ್ನು ಕೋಶ ತಾನೇ ಕರಗಿಸಿಕೊಂಡಿದೆ. ದ್ಯುತಿಸಂಶ್ಲೇಷಣೆಯ ಎರಡು ಘಟಕಗಳಲ್ಲಿ ನೀರನ್ನು ಒಡೆದು ಆಮ್ಲಜನಕ ಬಿಡುವ ಫೋಟೋಸಿಸ್ಟಮ್-2 ನಿಂತಿದೆ. ಫೋಟೋಸಿಸ್ಟಮ್-1 ಮಾತ್ರ ನಡೆಯುತ್ತಿದೆ. ಅದರಿಂದ ಬೆಳಕಿನಲ್ಲಿ ಎಟಿಪಿ ಸಿಗುತ್ತದೆ, ಆಮ್ಲಜನಕ ಬರುವುದಿಲ್ಲ. ಆ ಮಿನುಗುವ ಚುಕ್ಕೆಗಳು ಸಯನೋಫೈಸಿನ್. ಆರ್ಜಿನೀನ್ ಮತ್ತು ಆಸ್ಪಾರ್ಟೇಟ್ ಸೇರಿ ಆದ ಸಾರಜನಕದ ದಾಸ್ತಾನು. ಪಕ್ಕದ ಕೋಶಕ್ಕೆ ಹೋಗುವ ಬಾಗಿಲಲ್ಲೇ ಕೂತಿದೆ ನೋಡಿ.

ಹೆಟರೋಸಿಸ್ಟ್ ತಾನಾಗಿ ಇಂಗಾಲ ಹಿಡಿಯಲಾರದು. ಪಕ್ಕದ ಹಸಿರು ಕೋಶಗಳು ಅದಕ್ಕೆ ಸುಕ್ರೋಸ್ ಕಳಿಸುತ್ತವೆ. ಹೆಟರೋಸಿಸ್ಟ್ ಗ್ಲುಟಮೀನ್ ಎಂಬ ಅಮೈನೋ ಆಮ್ಲವಾಗಿಯೂ, ಸಯನೋಫೈಸಿನ್‌ನಿಂದ ಬರುವ ಒಂದು ಜೋಡಿ ಅಮೈನೋ ಆಮ್ಲವಾಗಿಯೂ ಸಾರಜನಕವನ್ನು ಅವಕ್ಕೆ ಕೊಡುತ್ತದೆ. 1968ರಲ್ಲಿ ಫೇ, ಸ್ಟೀವರ್ಟ್, ವಾಲ್ಸ್‌ಬಿ, ಫಾಗ್ ಎಂಬ ನಾಲ್ವರು ಸಾರಜನಕ ಹಿಡಿಯುವ ಜಾಗ ಈ ಕೋಶವೇ ಇರಬೇಕು ಅಂತ ವಾದ ಮುಂದಿಟ್ಟರು. ಅಲ್ಲಿಂದ ಈ ಕೋಶದ ಅಧ್ಯಯನದ ದಿಕ್ಕೇ ಬದಲಾಯಿತು.

ದ್ವಿತೀಯ ಪಿಯುಸಿ

ಮೇಡಂ, ನಮ್ಮ ಪುಸ್ತಕದಲ್ಲಿ ಹೆಟರೋಸಿಸ್ಟ್ ಬಗ್ಗೆ ಎರಡೇ ಸಾಲು ಇದೆ. ನನಗೊಂದು ಅನುಮಾನ. ಗೋಡೆ ಆಮ್ಲಜನಕವನ್ನು ತಡೆಯುತ್ತದೆ ಅಂದ್ರಿ. ಹಾಗಾದರೆ ಸಾರಜನಕ ಹೇಗೆ ಒಳಗೆ ಬರುತ್ತದೆ? ಎರಡೂ ಹೆಚ್ಚುಕಮ್ಮಿ ಒಂದೇ ಗಾತ್ರದ ಅನಿಲ ಅಲ್ವಾ?

ಪಾಠದ ಮೇಡಂ, ಬಸವನಗುಡಿ

ಬಹಳ ಒಳ್ಳೆಯ ಪ್ರಶ್ನೆ. ಇದನ್ನು ಕೇಳುವ ಮಕ್ಕಳು ಕಮ್ಮಿ.

ಗೋಡೆಗೆ ಒಂದು ಅನಿಲ ಬೇಕು, ಇನ್ನೊಂದು ಬೇಡ ಅನ್ನುವ ವಿವೇಚನೆ ಇಲ್ಲ. ಅದು ಎರಡನ್ನೂ ನಿಧಾನ ಮಾಡುತ್ತದೆ. ಅಷ್ಟೇ ಸಾಕು. ಗಾಳಿಯಲ್ಲಿ ಆಮ್ಲಜನಕ ಶೇಕಡ 21, ಸಾರಜನಕ ಅದರ ನಾಲ್ಕು ಪಟ್ಟಿನ ಹತ್ತಿರ. ನಿಧಾನವಾಗಿ ಬಂದರೂ ಸಾರಜನಕ ಕೆಲಸಕ್ಕೆ ಸಾಲುತ್ತದೆ. ನಿಧಾನವಾಗಿ ನುಸುಳುವ ಸ್ವಲ್ಪ ಆಮ್ಲಜನಕವನ್ನು ಕೋಶ ಬಂದ ಬಂದ ಹಾಗೆ ಉಸಿರಾಟದಲ್ಲಿ ಸುಟ್ಟುಬಿಡುತ್ತದೆ. ಇದಕ್ಕೆ ಅಂತಲೇ ಹೆಟರೋಸಿಸ್ಟ್‌ನಲ್ಲಿ ಬೇರೆ ಆಕ್ಸಿಡೇಸ್ ಕಿಣ್ವಗಳಿವೆ. ಸುಡಲು ಇಂಧನ ಪಕ್ಕದವರು ಕಳಿಸಿದ ಸಕ್ಕರೆ. ಗೋಡೆಯೊಂದೇ ಇದ್ದು ಉಸಿರಾಟ ಇಲ್ಲದಿದ್ದರೆ ಆಮ್ಲಜನಕ ಕ್ರಮೇಣ ತುಂಬಿಕೊಳ್ಳುತ್ತಿತ್ತು. ಉಸಿರಾಟವೊಂದೇ ಇದ್ದು ಗೋಡೆ ಇಲ್ಲದಿದ್ದರೆ ಸುಟ್ಟು ಪೂರೈಸುತ್ತಿರಲಿಲ್ಲ. ಎರಡೂ ಬೇಕು. ಪಕ್ಕದ ಕೋಶಕ್ಕೆ ತಾಗುವ ಕುತ್ತಿಗೆಯೂ ಕಿರಿದಾಗಿರುತ್ತದೆ, ಗಮನಿಸು. ಹಸಿರು ಕೋಶದಲ್ಲಿ ಆಮ್ಲಜನಕ ತುಂಬಿರುತ್ತದಲ್ಲ, ಆ ಕಡೆಯಿಂದ ಬರುವುದಕ್ಕೂ ತಡೆ ಬೇಕು.

ಲಾಲ್‌ಬಾಗ್ ನಡಿಗೆ

ಮಧ್ಯೆ ಬಂದೆ, ಕ್ಷಮಿಸಿ. ಆಮ್ಲಜನಕ ಕಂಡರಾಗದ ಕಿಣ್ವವನ್ನು ಆಮ್ಲಜನಕ ಬಿಡುವ ಜೀವಿ ಯಾಕೆ ಇಟ್ಟುಕೊಂಡಿದೆ? ನನಗೆ ಇದಕ್ಕೆ ಉತ್ತರ ಲಾಲ್‌ಬಾಗಿನ ಬಂಡೆ ನೋಡಿದರೆ ಸಿಗುತ್ತದೆ. ಕೆಂಪೇಗೌಡ ಗೋಪುರ ನಿಂತಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದು ಹುಟ್ಟಿದಾಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಅನ್ನಬಹುದು. ಗಾಳಿಗೆ ಆಮ್ಲಜನಕ ಸೇರಲು ಶುರುವಾಗಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ, ಸೇರಿಸಿದ್ದು ಇದೇ ನೀಲಿಹಸಿರು ಪಾಚಿಗಳ ಪೂರ್ವಿಕರು. ನೈಟ್ರೋಜಿನೇಸ್ ಆಮ್ಲಜನಕವಿಲ್ಲದ ಕಾಲದ ಕಿಣ್ವ. ಇಷ್ಟು ವರ್ಷ ಕಳೆದರೂ ಅದಕ್ಕೆ ಬದಲಿ ಬಂದಿಲ್ಲ. ಹಾಗಾಗಿ ಅದರ ಸುತ್ತ ಹಳೆಯ ಕಾಲದ ಗಾಳಿಯನ್ನೇ ಕಟ್ಟಿಕೊಡಬೇಕಾಯಿತು.

ಕೋಡುಗಾರ, ಮಲ್ಲೇಶ್ವರ

ನಾನು ಸಾಫ್ಟ್‌ವೇರ್ ಕಡೆಯವನು, ಜೀವಶಾಸ್ತ್ರ ಹತ್ತನೇ ತರಗತಿಗೇ ಬಿಟ್ಟೆ. ನನ್ನ ತಲೆ ಕೊರೆಯುತ್ತಿರುವುದು ಆ ಅಂತರ. ಎಳೆಯಲ್ಲಿರುವ ಎಲ್ಲ ಕೋಶಕ್ಕೂ ಡಿಎನ್‌ಎ ಒಂದೇ. ಎಲ್ಲದಕ್ಕೂ ಹಸಿವು ಒಂದೇ ಸಲ ಆಗುತ್ತದೆ. ಮೇಲೆ ಕೂತು ಲೆಕ್ಕ ಹಾಕುವವರು ಯಾರೂ ಇಲ್ಲ. ಹಾಗಿದ್ದೂ ಹತ್ತು ಹದಿನೈದಕ್ಕೊಂದು ಅಂತ ಹೇಗೆ ಬರುತ್ತದೆ? ಎಲ್ಲವೂ ಒಟ್ಟಿಗೆ ಹೆಟರೋಸಿಸ್ಟ್ ಆಗಿಬಿಟ್ಟರೆ ಉಪವಾಸ, ಒಂದೂ ಆಗದಿದ್ದರೂ ಉಪವಾಸ. ಯಾರು ಆಗಬೇಕು ಅಂತ ನಿರ್ಧರಿಸುವುದು ಯಾರು?

ಸಂಶೋಧನಾ ವಿದ್ಯಾರ್ಥಿ, ಯಲಹಂಕ

ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಉದ್ದ ಬರೀತೀನಿ. ನಾನು ಹೇಳುವುದು ಹೆಚ್ಚಾಗಿ ಅನಬೀನಾ ಪಿಸಿಸಿ 7120 ಎಂಬ ತಳಿಯ ಬಗ್ಗೆ. ಪ್ರಯೋಗಶಾಲೆಗಳಲ್ಲಿ ಎಲ್ಲರೂ ಬಳಸುವುದು ಅದನ್ನೇ. 2001ರಲ್ಲಿ ಅದರ ಪೂರ್ತಿ ಜೀನೋಮ್ ಓದಿದ್ದಾರೆ.

ಮೊದಲು ಹಸಿವು ಗೊತ್ತಾಗಬೇಕು. ನೀರಿನಲ್ಲಿ ನೈಟ್ರೇಟ್ ಅಥವಾ ಅಮೋನಿಯಾ ಇದ್ದರೆ ಕೋಶ ಅದನ್ನು 2-ಆಕ್ಸೋಗ್ಲುಟರೇಟ್ ಎಂಬ ಇಂಗಾಲದ ಅಣುವಿಗೆ ಸೇರಿಸಿ ಅಮೈನೋ ಆಮ್ಲ ಮಾಡುತ್ತದೆ. ಸಾರಜನಕ ಮುಗಿದರೆ ಈ ಅಣು ಖರ್ಚಾಗದೆ ಕೋಶದಲ್ಲಿ ಜಮೆಯಾಗುತ್ತದೆ. ಹಸಿವಿನ ಸುದ್ದಿ ಅಂದರೆ ಆ ಜಮೆಯೇ. ಎನ್‌ಟಿಸಿ-ಎ ಎಂಬ ಪ್ರೋಟೀನ್ ಅದನ್ನು ಹಿಡಿದು, ಮುಂದಿನ ಜೀನುಗಳನ್ನು ಎಬ್ಬಿಸುತ್ತದೆ. ಅದರಲ್ಲಿ ಮುಖ್ಯವಾದದ್ದು ಹೆಟ್-ಆರ್. 1991ರಲ್ಲಿ ಬೈಕೆಮಾ ಮತ್ತು ಹ್ಯಾಸೆಲ್‌ಕಾರ್ನ್ ಇದನ್ನು ಗುರುತಿಸಿದರು. ಹೆಟ್-ಆರ್ ಕೆಟ್ಟ ತಳಿಯಲ್ಲಿ ಒಂದೇ ಒಂದು ಹೆಟರೋಸಿಸ್ಟ್ ಬರುವುದಿಲ್ಲ. ಅದನ್ನು ಬೇಕಂತಲೇ ಹೆಚ್ಚಿಸಿದರೆ ನೈಟ್ರೇಟ್ ಇರುವ ನೀರಿನಲ್ಲೂ ಬರುತ್ತವೆ. ಇಡೀ ಕೆಲಸದ ಚಾವಿ ಅದರ ಕೈಯಲ್ಲಿದೆ.

ಈಗ ನಿಮ್ಮ ಪ್ರಶ್ನೆ. ಹೆಟ್-ಆರ್ ಎರಡು ಕೆಲಸ ಮಾಡುತ್ತದೆ. ಒಂದು, ತನ್ನನ್ನೇ ಇನ್ನಷ್ಟು ಹೆಚ್ಚಿಸಿಕೊಳ್ಳುತ್ತದೆ. ಎರಡು, ಪ್ಯಾಟ್-ಎಸ್ ಎಂಬ ಪುಟ್ಟ ಪೆಪ್ಟೈಡ್ (ಕೆಲವೇ ಅಮೈನೋ ಆಮ್ಲಗಳ ಸರಪಳಿ) ಮಾಡಿಸುತ್ತದೆ. ಇದು ಹೆಟ್-ಆರ್‌ಗೆ ಅಡ್ಡಗಾಲು. ಗಮನಿಸಬೇಕಾದ್ದು ಇಷ್ಟು: ಹೆಟ್-ಆರ್ ಹುಟ್ಟಿದ ಕೋಶದಲ್ಲೇ ಉಳಿಯುತ್ತದೆ, ಪ್ಯಾಟ್-ಎಸ್‌ನ ತುಣುಕು ಪಕ್ಕದ ಕೋಶಗಳಿಗೆ ದಾಟುತ್ತದೆ. ಶುರುವಿನಲ್ಲಿ ಯಾವುದೋ ಕೋಶದಲ್ಲಿ ಹೆಟ್-ಆರ್ ಒಂಚೂರು ಜಾಸ್ತಿ ಇರುತ್ತದೆ. ಸುಮ್ನೆ ಆಕಸ್ಮಿಕ. ಆ ಒಂಚೂರು ಬೆಳೆದು ಬೆಳೆದು ದೊಡ್ಡದಾಗುತ್ತದೆ. ಅದರ ಜೊತೆಗೇ ಪಕ್ಕದವರಿಗೆ ತಡೆ ಹೋಗುತ್ತದೆ. ಹತ್ತಿರದವರಿಗೆ ಜಾಸ್ತಿ ತಡೆ, ದೂರದವರಿಗೆ ಕಮ್ಮಿ. ತಡೆ ತೆಳುವಾದ ಜಾಗದಲ್ಲಿ ಮುಂದಿನ ಹೆಟರೋಸಿಸ್ಟ್ ಏಳುತ್ತದೆ.

1998ರಲ್ಲಿ ಯೂನ್ ಮತ್ತು ಗೋಲ್ಡನ್ ಪ್ಯಾಟ್-ಎಸ್ ಜೀನನ್ನು ತೆಗೆದು ನೋಡಿದರು. ಹೆಟರೋಸಿಸ್ಟ್‌ಗಳು ಗುಂಪುಗುಂಪಾಗಿ, ಒಂದಕ್ಕೊಂದು ಅಂಟಿಕೊಂಡೇ ಬಂದವು. ಅದನ್ನೇ ಹೆಚ್ಚಿಸಿದಾಗ ಒಂದೂ ಬರಲಿಲ್ಲ. ನನಗೆ ಬಹಳ ಸೊಗಸು ಅನ್ನಿಸುವ ಪ್ರಯೋಗ ಇನ್ನೊಂದಿದೆ. ಪ್ಯಾಟ್-ಎಸ್‌ನ ಕೊನೆಯ ಐದೇ ಐದು ಅಮೈನೋ ಆಮ್ಲಗಳನ್ನು, ಅಂದರೆ ಆರ್ಜಿನೀನ್, ಗ್ಲೈಸೀನ್, ಸೆರೀನ್, ಗ್ಲೈಸೀನ್, ಆರ್ಜಿನೀನ್ ಇಷ್ಟನ್ನು ಲ್ಯಾಬಿನಲ್ಲಿ ಜೋಡಿಸಿ ನೀರಿಗೆ ಬೆರೆಸಿದರು. ಅಷ್ಟಕ್ಕೇ ಹೆಟರೋಸಿಸ್ಟ್ ಹುಟ್ಟುವುದು ನಿಂತುಹೋಯಿತು.

ಕೋಡುಗಾರ, ಮಲ್ಲೇಶ್ವರ

ಅಂದರೆ ನಮ್ಮ ಬಡಾವಣೆಯ ಹಾಲಿನ ಬೂತ್ ಲೆಕ್ಕ. ಒಂದು ಬೂತ್ ನಡೆಯುತ್ತಿದ್ದರೆ ಪಕ್ಕದಲ್ಲೇ ಇನ್ನೊಂದು ತೆರೆಯಲು ಯಾರೂ ಬರುವುದಿಲ್ಲ. ರಸ್ತೆ ಉದ್ದವಾಗಿ ಮನೆ ಹೆಚ್ಚಾದರೆ ಎರಡು ಬೂತ್‌ಗಳ ನಡುಮಧ್ಯೆ ಮೂರನೆಯದು ಬರುತ್ತದೆ. ನಕ್ಷೆ ಯಾರ ಹತ್ತಿರವೂ ಇರಬೇಕಾಗಿಲ್ಲ.

ಅಲನ್ ಟ್ಯೂರಿಂಗ್ 1952ರಲ್ಲಿ ಬರೆದದ್ದು ಇದೇ ಅಲ್ವಾ? ಬೇರೆ ಬೇರೆ ವೇಗದಲ್ಲಿ ಹರಡುವ ಎರಡು ರಾಸಾಯನಿಕ ಸಾಕು, ಒಂದೇ ಸಮ ಇದ್ದ ಜಾಗದಲ್ಲಿ ವಿನ್ಯಾಸ ತಾನಾಗಿ ಮೂಡುತ್ತದೆ ಅಂತ. ಕಂಪ್ಯೂಟರ್‌ನ ಟ್ಯೂರಿಂಗ್ ಮಾತ್ರ ಗೊತ್ತಿತ್ತು. ಪಾಚಿಯ ಎಳೆಯಲ್ಲಿ ಅವರ ಗಣಿತ ನಡೆಯುತ್ತಿರುವುದು ನೋಡಿ ರೋಮಾಂಚನ ಆಯಿತು.

ಸಂಶೋಧನಾ ವಿದ್ಯಾರ್ಥಿ, ಯಲಹಂಕ

ಎಳೆ ಬೆಳೆದಾಗ ನಡುಮಧ್ಯೆ ಹೊಸದು ಬರುವುದು ನಿಜ. ಹಸಿರು ಕೋಶಗಳು ಒಡೆದು ಎರಡಾಗುತ್ತಾ ಅಂತರ ಹಿಗ್ಗುತ್ತದೆ. ಹೆಟರೋಸಿಸ್ಟ್ ಮಾತ್ರ ಒಡೆಯುವುದಿಲ್ಲ. ನಡುವಿನ ಕೋಶಕ್ಕೆ ತಡೆ ತಲುಪದಷ್ಟು ದೂರವಾದಾಗ ಅಲ್ಲೊಂದು ಏಳುತ್ತದೆ.

ಟ್ಯೂರಿಂಗ್ ವಿಷಯದಲ್ಲಿ ಒಂದು ಎಚ್ಚರ. ಯೋಚನೆಯ ಧಾಟಿ ಅದೇ, ಆದರೆ ಎರಡೇ ಪಾತ್ರಧಾರಿಗಳಿಂದ ಕಥೆ ಮುಗಿಯುವುದಿಲ್ಲ. ಪ್ಯಾಟ್-ಎಸ್ ಮೊದಲ ವಿನ್ಯಾಸ ಬರೆಯುತ್ತದೆ. ಆಮೇಲೆ ಆ ವಿನ್ಯಾಸವನ್ನು ಕಾಪಾಡುವುದು ಹೆಟ್-ಎನ್ ಎಂಬ ಇನ್ನೊಂದು ಪ್ರೋಟೀನ್. ಅದರಲ್ಲೂ ಅದೇ ಐದು ಅಮೈನೋ ಆಮ್ಲಗಳ ಸಾಲು ಇದೆ! ಹೆಟ್-ಎನ್ ನಿಂತರೆ ಮೊದಲ ಸುತ್ತಿನ ಅಂತರ ಸರಿಯಾಗಿಯೇ ಇರುತ್ತದೆ, ಗುಂಪು ಕಟ್ಟುವುದು ತಡವಾಗಿ ಶುರುವಾಗುತ್ತದೆ. ಪ್ಯಾಟ್-ಎ, ಹೆಟ್-ಎಫ್ ಮುಂತಾದವೂ ಬೇಕು. ಕೋಶದಿಂದ ಕೋಶಕ್ಕೆ ದಾಟಿಸುವ ಸೂಕ್ಷ್ಮ ಕೊಳವೆಗಳೂ ಬೇಕು. ಆ ಕೊಳವೆಗಳು ಕೆಟ್ಟರೆ ಸಂದೇಶವೂ ನಿಲ್ಲುತ್ತದೆ, ಸಕ್ಕರೆಯೂ ನಿಲ್ಲುತ್ತದೆ.

ಇನ್ನೊಂದು ವಿಷಯ ಯಾರೂ ಕೇಳಲಿಲ್ಲ, ಆದರೂ ಹೇಳಲೇಬೇಕು. ಇದರಲ್ಲಿ ಹಿಂದಿರುಗುವ ದಾರಿ ಎಲ್ಲಿ ಮುಚ್ಚುತ್ತದೆ? ಸಾರಜನಕ ತೆಗೆದ ಮೇಲೆ ಒಂದು ಕೋಶ ಪೂರ್ತಿ ಹೆಟರೋಸಿಸ್ಟ್ ಆಗಲು 20ರಿಂದ 24 ಗಂಟೆ ಬೇಕು. ಮೊದಲ ಕೆಲವು ಗಂಟೆಗಳಲ್ಲಿ ನೀರಿಗೆ ಅಮೋನಿಯಾ ಹಾಕಿದರೆ ಅರ್ಧ ದಾರಿಯಲ್ಲಿದ್ದ ಕೋಶ ಮತ್ತೆ ಹಸಿರು ಕೋಶವಾಗಿ ಒಡೆಯಲು ಶುರು ಮಾಡುತ್ತದೆ. ಒಂದು ಹಂತ ದಾಟಿದರೆ ಆಗುವುದಿಲ್ಲ. ಈ ತಳಿಯಲ್ಲಂತೂ ಡಿಎನ್‌ಎಯೇ ಬದಲಾಗುತ್ತದೆ. ನೈಟ್ರೋಜಿನೇಸ್‌ನ ಒಂದು ಭಾಗಕ್ಕೆ ಬೇಕಾದ ನಿಫ್-ಡಿ ಜೀನಿನ ಮಧ್ಯೆ ಸುಮಾರು 11,000 ಅಕ್ಷರದ ಬೇರೆ ಡಿಎನ್‌ಎ ತುಂಡು ಸೇರಿಕೊಂಡಿದೆ. ಹಸಿರು ಕೋಶದಲ್ಲಿ ಆ ಜೀನು ಹಾಗೇ ಮುರಿದು ಬಿದ್ದಿರುತ್ತದೆ. ಹೆಟರೋಸಿಸ್ಟ್ ಆಗುವ ಕೊನೆಯ ಹೊತ್ತಿನಲ್ಲಿ ಕ್ಸಿಸ್-ಎ ಎಂಬ ಕಿಣ್ವ ಆ ತುಂಡನ್ನು ಕತ್ತರಿಸಿ ತೆಗೆದು, ಎರಡು ತುದಿ ಕೂಡಿಸುತ್ತದೆ. ಆಗ ಜೀನು ಓದಲು ಬರುತ್ತದೆ. ಗೋಲ್ಡನ್, ರಾಬಿನ್ಸನ್, ಹ್ಯಾಸೆಲ್‌ಕಾರ್ನ್ ಇದನ್ನು 1985ರಲ್ಲಿ ತೋರಿಸಿದರು. ಇನ್ನೊಂದು ಜೀನಿನಲ್ಲಿ 55,000 ಅಕ್ಷರದ ತುಂಡೇ ಇದೆ, ಅದನ್ನೂ ತೆಗೆಯುತ್ತದೆ. ಎಲ್ಲ ಜಾತಿಗಳಲ್ಲೂ ಈ ತುಂಡುಗಳಿಲ್ಲ. ಆದರೆ ಇರುವ ಕಡೆ ಈ ಕತ್ತರಿ ಆಡಿದ ಮೇಲೆ ಆ ಕೋಶಕ್ಕೆ ಮಕ್ಕಳಿಲ್ಲ, ಹಾಗಾಗಿ ಬದಲಾದ ಡಿಎನ್‌ಎ ಮುಂದಿನ ಪೀಳಿಗೆಗೆ ಹೋಗುವುದೂ ಇಲ್ಲ.

ಗದ್ದೆ ಬಯಲು, ಕೆಂಗೇರಿ

ಎಲ್ಲ ಓದಿದೆ, ಖುಷಿ ಆಯಿತು. ನಮ್ಮದು ಮಂಡ್ಯ ಕಡೆ ನೀರಾವರಿ ಗದ್ದೆ. ನಾನೀಗ ಬೆಂಗಳೂರಲ್ಲಿ ಇದ್ದರೂ ಬೇಸಾಯ ಬಿಟ್ಟಿಲ್ಲ. ಒಂದು ವರ್ಷ ನಾಟಿ ಆದ ಮೇಲೆ ನೀಲಿಹಸಿರು ಪಾಚಿಯ ಜೈವಿಕ ಗೊಬ್ಬರ ಎರಚಿದೆವು. ಯೂರಿಯಾವನ್ನೂ ಪೂರ್ತಿ ಶಿಫಾರಸಿನಷ್ಟೇ ಕೊಟ್ಟೆವು. ಪಾಚಿ ಚೆನ್ನಾಗಿ ಬೆಳೆಯಿತು, ಗದ್ದೆ ನೀರೆಲ್ಲ ಹಸಿರು. ಇಳುವರಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದೆಲ್ಲ ಪುಸ್ತಕದ ಮಾತು ಅಂತ ನಮ್ಮಣ್ಣ ಬಿಟ್ಟುಬಿಟ್ಟರು. ನಿಮ್ಮ ಮಾತು ಓದಿದ ಮೇಲೆ ಅನುಮಾನ ಬಂತು: ಯೂರಿಯಾ ಇದ್ದಾಗ ಪಾಚಿ ಹೆಟರೋಸಿಸ್ಟ್ ಮಾಡಲೇ ಇಲ್ಲವೇನೋ?

ಪಾಠದ ಮೇಡಂ, ಬಸವನಗುಡಿ

ನಿಮ್ಮ ಅನುಮಾನ ಸರಿಯಾಗಿದೆ ಸರ್. ನಾನು ಮೊದಲಿಂದ ಹೇಳಬೇಕು ಅಂತಿರುವುದೂ ಅದನ್ನೇ. ಈ ಕೋಶ ಹುಟ್ಟುವುದು ಕೊರತೆಯಿಂದ. ನೀರಿನಲ್ಲಿ ಸುಲಭವಾಗಿ ಸಿಗುವ ಸಾರಜನಕ ಇದ್ದರೆ ಪಾಚಿ 16 ಎಟಿಪಿ ಖರ್ಚು ಮಾಡಲು ಹೋಗುವುದೇ ಇಲ್ಲ. ಹಸಿರಾಗಿ ಬೆಳೆಯುತ್ತದೆ, ನಿಮ್ಮ ಯೂರಿಯಾವನ್ನೇ ತಿಂದು. ಗದ್ದೆ ಹಸಿರಾಗಿ ಕಾಣುವುದಕ್ಕೂ ಸಾರಜನಕ ಸೇರುವುದಕ್ಕೂ ಸಂಬಂಧವಿಲ್ಲ. ಎಳೆಯಲ್ಲಿ ಬಿಳಿಚಿದ ಕೋಶ ಇದೆಯಾ ಅಂತ ನೋಡಬೇಕು.

ಹಾಗಂತ ಇದು ಬರೀ ಪುಸ್ತಕದ ಮಾತು ಅಂತ ಬಿಡಬೇಡಿ. ನಮ್ಮ ದೇಶದಲ್ಲಿ ಇದಕ್ಕೆ ಹಳೆಯ ಬೇರು ಇದೆ. ಪಿ. ಕೆ. ಡೇ ಅವರು 1939ರಲ್ಲೇ ಭತ್ತದ ಗದ್ದೆಗೆ ಸಾರಜನಕ ಕೊಡುವುದರಲ್ಲಿ ನೀಲಿಹಸಿರು ಪಾಚಿಯ ಪಾತ್ರ ತೋರಿಸಿದರು. ಬನಾರಸ್‌ನ ಆರ್. ಎನ್. ಸಿಂಗ್ 1950ರ ಹೊತ್ತಿಗೆ ಇವೇ ಪಾಚಿಗಳಿಂದ ಚೌಳು ಭೂಮಿ ಸುಧಾರಿಸುವ ಕೆಲಸ ಮಾಡಿದರು. ಗೊಬ್ಬರ ಹಾಕದೆಯೂ ತಲೆಮಾರುಗಳ ಕಾಲ ಭತ್ತ ಒಂದು ಮಟ್ಟಕ್ಕೆ ಬರುತ್ತಿತ್ತಲ್ಲ, ಅದರಲ್ಲಿ ಇದರ ಪಾಲೂ ಇತ್ತು.

ಆದರೆ ಲೆಕ್ಕ ನೇರವಾಗಿ ಇಡೋಣ. ಚೆನ್ನಾಗಿ ನಡೆದರೆ ಹಂಗಾಮಿಗೆ ಹೆಕ್ಟೇರಿಗೆ 20ರಿಂದ 30 ಕಿಲೊ ಸಾರಜನಕ ಅಂತ ಕೃಷಿ ಕೈಪಿಡಿಗಳು ಹೇಳುತ್ತವೆ. ನೀರಾವರಿ ಭತ್ತಕ್ಕೆ ಶಿಫಾರಸು ಸುಮಾರು 100 ಕಿಲೊ. ಪೂರ್ತಿ ಯೂರಿಯಾ ಬಿಡಿ ಅಂದರೆ ನಿಮಗೆ ನಷ್ಟ ಆಗುತ್ತದೆ. ಪೂರ್ತಿ ಕೊಟ್ಟರೆ ಪಾಚಿಯ ಕೆಲಸ ನಿಲ್ಲುತ್ತದೆ. ಯೂರಿಯಾ ಕಡಿಮೆ ಮಾಡಿದ ಒಂದು ತಾಕು, ಹಾಗೇ ಬಿಟ್ಟ ಒಂದು ತಾಕು ಅಂತ ಇಟ್ಟುಕೊಂಡು ನೋಡುವುದು ಒಳ್ಳೆಯದು. ರಂಜಕ ಮಾತ್ರ ಕಮ್ಮಿ ಮಾಡಬೇಡಿ. ಮಣ್ಣು ಪರೀಕ್ಷೆ ಮಾಡಿಸಿಕೊಂಡರೆ ಇನ್ನೂ ವಾಸಿ.

ಕೆರೆ ಕಾವಲು, ಜಕ್ಕೂರು

ನಮ್ಮ ಕಡೆ ಕೆರೆಗಳ ಮೇಲೆ ಬೇಸಿಗೆಯಲ್ಲಿ ದಪ್ಪ ಹಸಿರು ಕೆನೆ ಕಟ್ಟುತ್ತದೆ. ಅದರಲ್ಲೂ ಹೆಟರೋಸಿಸ್ಟ್ ಇರುತ್ತವಾ? ಅವು ಗಾಳಿಯಿಂದ ಇನ್ನೂ ಸಾರಜನಕ ತಂದು ಕೆರೆಗೆ ಸೇರಿಸಿ ಸಮಸ್ಯೆ ಜಾಸ್ತಿ ಮಾಡುತ್ತವಾ?

ಸಂಶೋಧನಾ ವಿದ್ಯಾರ್ಥಿ, ಯಲಹಂಕ

ಕೊಳಚೆ ಸೇರುವ ಕೆರೆಯಲ್ಲಿ ಅಮೋನಿಯಾ ಬೇಕಾದಷ್ಟಿರುತ್ತದೆ. ಅಲ್ಲಿ ಹೆಟರೋಸಿಸ್ಟ್ ಮಾಡಬೇಕಾದ ಅಗತ್ಯವೇ ಬರುವುದಿಲ್ಲ. ಅಂಥ ಕಡೆ ಕೆನೆ ಕಟ್ಟುವುದು ಹೆಚ್ಚಾಗಿ ಮೈಕ್ರೋಸಿಸ್ಟಿಸ್ ಎಂಬ ಬೇರೆ ನೀಲಿಹಸಿರು ಪಾಚಿ. ಅದಕ್ಕೆ ಹೆಟರೋಸಿಸ್ಟ್ ಮಾಡಲು ಬರುವುದೂ ಇಲ್ಲ, ಗಾಳಿಯ ಸಾರಜನಕ ಹಿಡಿಯಲೂ ಬರುವುದಿಲ್ಲ.

ಆದರೆ ನಿಮ್ಮ ಪ್ರಶ್ನೆಯ ಎರಡನೇ ಭಾಗ ಬಹಳ ಮುಖ್ಯ. ಕೆನಡಾದಲ್ಲಿ 227ನೇ ನಂಬರಿನ ಒಂದು ಸಣ್ಣ ಕೆರೆಗೆ ಡೇವಿಡ್ ಶಿಂಡ್ಲರ್ ಮತ್ತು ಜೊತೆಗಾರರು 1969ರಿಂದ ಗೊಬ್ಬರ ಹಾಕುತ್ತಾ ಅಧ್ಯಯನ ಮಾಡಿದರು. 1990ರಿಂದ ಸಾರಜನಕ ಹಾಕುವುದನ್ನು ಪೂರ್ತಿ ನಿಲ್ಲಿಸಿ ರಂಜಕವನ್ನು ಮಾತ್ರ ಮುಂದುವರಿಸಿದರು. ಪಾಚಿ ಹೋಗಲಿಲ್ಲ. ಸಾರಜನಕ ಕಮ್ಮಿಯಾದಾಗ ಹೆಟರೋಸಿಸ್ಟ್ ಇರುವ ಪಾಚಿಗಳು ಮೇಲೆದ್ದು, ಬೇಕಾದ್ದನ್ನು ಗಾಳಿಯಿಂದ ತಂದುಕೊಂಡವು. ಕೊಳಚೆ ಶುದ್ಧೀಕರಣದಲ್ಲಿ ಅಮೋನಿಯಾ ಮಾತ್ರ ತೆಗೆದು ರಂಜಕ ಬಿಟ್ಟರೆ ಸಾಲದು ಅನ್ನುವುದಕ್ಕೆ ಇದು ದೊಡ್ಡ ಪುರಾವೆ. ಸಭೆಗಳಲ್ಲಿ ನೀವು ಮಾತಾಡುವಾಗ ರಂಜಕದ ಅಂಕಿ ಕೇಳಿ. ಹಾಗೇ, ಆ ಕೆನೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ನಾಯಿಗಳಿಗೆ ಕುಡಿಯಲು ಬಿಡಬೇಡಿ. ಮೈಕ್ರೋಸಿಸ್ಟಿಸ್, ಅನಬೀನಾ ಎರಡರಲ್ಲೂ ವಿಷ ಮಾಡುವ ತಳಿಗಳಿವೆ.

ತಾರಸಿತೋಟ, ವಿಜಯನಗರ

ಇಷ್ಟು ವಿವರವಾಗಿ ಯಾರಾದರೂ ಹೇಳುತ್ತಾರೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಯೂರಿಯಾ ಚೀಲ ವಾಪಸ್ ಒಳಗೆ ಹೋಯಿತು. ಆದರೆ ಅಜೋಲಾ ಯಾಕೆ ಕೆಂಪಾಗಿದೆ? ಅದರೊಳಗೆ ಬಿಳಿಚಿದ ಕೋಶ ಯಾಕೆ ಅಷ್ಟು ಜಾಸ್ತಿ? ಅದರ ಪಾಚಿಯನ್ನು ಹೊರಗೆ ತೆಗೆದು ಬಕೆಟ್ಟಿನಲ್ಲಿ ಬೆಳೆಸಬಹುದಾ?

ಪಾಠದ ಮೇಡಂ, ಬಸವನಗುಡಿ

ಬೆಳೆಸಲು ಆಗುವುದಿಲ್ಲ. ಅಜೋಲಾದೊಳಗಿನ ಪಾಚಿ ಎಷ್ಟೋ ಜೀನುಗಳನ್ನು ಕಳೆದುಕೊಂಡು ಪೂರ್ತಿ ಆಸರೆ ಜೀವನಕ್ಕೆ ಬಂದುಬಿಟ್ಟಿದೆ. ಅಜೋಲಾದ ಮೇಲ್ಭಾಗದ ಎಲೆಯಲ್ಲಿ ಒಂದು ಪುಟ್ಟ ಗೂಡಿದೆ, ಅದರೊಳಗೇ ಅದರ ವಾಸ. ಒಂದು ಪೀಳಿಗೆಯಿಂದ ಇನ್ನೊಂದಕ್ಕೂ ಅಜೋಲಾದ ಬೀಜಕದ ಜೊತೆಗೇ ಹೋಗುತ್ತದೆ. ಸಕ್ಕರೆ ಅಜೋಲಾ ಕೊಡುತ್ತದೆ. ಎಳೆ ತನ್ನ ಹಸಿರು ಕೋಶಗಳನ್ನು ಅಷ್ಟಾಗಿ ನೆಚ್ಚಿಕೊಳ್ಳಬೇಕಾಗಿಲ್ಲ. ಹಾಗಾಗಿ ಅಲ್ಲಿ ನೂರಕ್ಕೆ 20ರಿಂದ 30 ಕೋಶ ಹೆಟರೋಸಿಸ್ಟ್ ಆಗಿರುತ್ತವೆ. ಹಿಡಿದ ಸಾರಜನಕದಲ್ಲಿ ಹೆಚ್ಚಿನ ಪಾಲು ಅಮೋನಿಯಾ ಆಗಿ ಅಜೋಲಾಕ್ಕೇ ಹೋಗುತ್ತದೆ. ಮನೆಮುಂದೆ ಕುಂಡದಲ್ಲಿ ಸೈಕಾಸ್ ಇಟ್ಟಿರುತ್ತಾರಲ್ಲ, ಅದರ ಮಣ್ಣಿನ ಮೇಲ್ಗಡೆ ಹವಳದ ಆಕಾರದ ಬೇರು ಕಂಡರೆ ಅಡ್ಡ ಕೊಯ್ದು ನೋಡಿ. ಒಳಗೊಂದು ಹಸಿರು ಉಂಗುರ ಕಾಣಬಹುದು. ಅದೂ ಇದೇ ಗುಂಪಿನ ಪಾಚಿ.

ಕೆಂಪಾಗುವುದಕ್ಕೆ ಕಾರಣ ಸಾರಜನಕ ಅಲ್ಲ. ರಂಜಕ ಕಮ್ಮಿ ಆದರೆ, ಬಿಸಿಲು ಜಾಸ್ತಿ ಆದರೆ, ಚಳಿ ಹೆಚ್ಚಾದರೆ ಅಜೋಲಾ ಕೆಂಪಾಗುತ್ತದೆ. ತೊಟ್ಟಿ ಮೇಲೆ ನೆರಳು ಬಲೆ ಕಟ್ಟಿ. ಸ್ವಲ್ಪ ಸೂಪರ್ ಫಾಸ್ಫೇಟ್, ಸೋಸಿದ ಸಗಣಿ ನೀರು ಹಾಕಿ. ಗಿಜಿಗಿಜಿ ತುಂಬಿದ್ದರೆ ಅರ್ಧ ತೆಗೆದು ಗಿಡಗಳ ಬುಡಕ್ಕೆ ಹಾಕಿ.

ದ್ವಿತೀಯ ಪಿಯುಸಿ

ಭತ್ತದ ಗಿಡಕ್ಕೇ ಈ ಜೀನುಗಳನ್ನು ಸೇರಿಸಿಬಿಟ್ಟರೆ ಯೂರಿಯಾ ಬೇಡವೇ ಬೇಡ ಅಲ್ವಾ ಅಣ್ಣ?

ಸಂಶೋಧನಾ ವಿದ್ಯಾರ್ಥಿ, ಯಲಹಂಕ

ಎಷ್ಟೋ ಲ್ಯಾಬುಗಳ ಕನಸು ಅದೇ. ಅಡ್ಡ ಬರುವುದು ಮತ್ತೆ ಆಮ್ಲಜನಕವೇ. ಎಲೆಯ ಕೋಶವೂ ದ್ಯುತಿಸಂಶ್ಲೇಷಣೆ ಮಾಡುತ್ತದೆ. ಕಿಣ್ವದ ಜೀನು ಹಾಕಿದರೆ ಸಾಲದು, ಅದಕ್ಕೆ ಆಮ್ಲಜನಕ ಇಲ್ಲದ ಜಾಗವೂ ಬೇಕು, ಕಬ್ಬಿಣ ಮತ್ತು ಮಾಲಿಬ್ಡಿನಂ ಸೇರಿದ ಅದರ ಒಳಭಾಗವನ್ನು ಜೋಡಿಸುವ ಹತ್ತಾರು ಸಹಾಯಕ ಪ್ರೋಟೀನುಗಳೂ ಬೇಕು. ಉಸಿರಾಟದಲ್ಲಿ ಆಮ್ಲಜನಕ ಖರ್ಚಾಗುವ ಮೈಟೋಕಾಂಡ್ರಿಯಾದೊಳಗೆ ಇಡಲು ಕೆಲವರು ಪ್ರಯತ್ನಿಸುತ್ತಿದ್ದಾರೆ. 2024ರಲ್ಲಿ ಒಂದು ಸಮುದ್ರ ಪಾಚಿಯಲ್ಲಿ ಸಾರಜನಕ ಹಿಡಿಯುವ ಸಯನೋಬ್ಯಾಕ್ಟೀರಿಯಾ (ನೀಲಿಹಸಿರು ಪಾಚಿಯ ಇನ್ನೊಂದು ಹೆಸರು) ಕೋಶದ ಅಂಗವೇ ಆಗಿಹೋಗಿರುವುದು ವರದಿಯಾಯಿತು. ಅದಕ್ಕೆ ನೈಟ್ರೋಪ್ಲಾಸ್ಟ್ ಅಂತ ಹೆಸರಿಟ್ಟಿದ್ದಾರೆ. ಪ್ರಕೃತಿಯಲ್ಲಿ ಒಂದು ಸಲ ಆಗಿದೆ ಅಂದರೆ ಅಸಾಧ್ಯ ಅಲ್ಲ ಅಂತಾಯಿತು.

ದ್ವಿತೀಯ ಪಿಯುಸಿ

ಕಾಲೇಜು ಪ್ರಾಜೆಕ್ಟ್‌ಗೆ ಇದನ್ನೇ ಮಾಡ್ತೀನಿ. ಮನೆಯಲ್ಲಿ ಹೆಟರೋಸಿಸ್ಟ್ ಹುಟ್ಟಿಸಿ ನೋಡುವುದು ಹೇಗೆ ಹೇಳ್ತೀರಾ ಮೇಡಂ?

ಪಾಠದ ಮೇಡಂ, ಬಸವನಗುಡಿ

ಖಂಡಿತ ಮಾಡಮ್ಮ. ಲ್ಯಾಬುಗಳಲ್ಲಿ ಬಿಜಿ-11 ಎಂಬ ದ್ರಾವಣ ಬಳಸುತ್ತಾರೆ. ಅದರಲ್ಲಿ ಲೀಟರಿಗೆ 1.5 ಗ್ರಾಂ ಸೋಡಿಯಂ ನೈಟ್ರೇಟ್ ಇರುತ್ತದೆ. ಆ ನೈಟ್ರೇಟ್ ಒಂದನ್ನು ಬಿಟ್ಟು ಉಳಿದೆಲ್ಲ ಹಾಕಿದರೆ ಅದೇ ಹಸಿವಿನ ದ್ರಾವಣ. ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ಕೇಳು, ಮಾಡಿಕೊಡುತ್ತಾರೆ. ಎರಡು ಗಾಜಿನ ಬಾಟಲಿ ತಗೋ. ಒಂದರಲ್ಲಿ ನೈಟ್ರೇಟ್ ಇರುವುದು, ಇನ್ನೊಂದರಲ್ಲಿ ಇಲ್ಲದ್ದು. ಮೊದಲು ಪಾಚಿಯನ್ನು ನೈಟ್ರೇಟ್ ಇರುವುದರಲ್ಲೇ ಬೆಳೆಸು. ಬೆಳೆದ ಎಳೆಯಲ್ಲಿ ಬಿಳಿಚಿದ ಕೋಶ ಅಪರೂಪ ಆಗಿರಬೇಕು. ಆಮೇಲೆ ಸ್ವಲ್ಪ ತೆಗೆದು ನೈಟ್ರೇಟ್ ಇಲ್ಲದ ದ್ರಾವಣದಲ್ಲಿ ಎರಡು ಮೂರು ಸಲ ತೊಳೆದು ಎರಡನೇ ಬಾಟಲಿಗೆ ಹಾಕು. ತೊಳೆಯುವುದನ್ನು ಬಿಡಬೇಡ, ಅಂಟಿಕೊಂಡು ಬಂದ ಚೂರು ನೈಟ್ರೇಟ್ ಸಾಕು ಎಲ್ಲ ತಡ ಮಾಡಲು. ಜೋರಾಗಿ ಕುಲುಕಬೇಡ, ಎಳೆ ತುಂಡಾದರೆ ಅಂತರ ಎಣಿಸಲು ಆಗುವುದಿಲ್ಲ. ಕಿಟಕಿ ಹತ್ತಿರ ಇಡು, ನೇರ ಬಿಸಿಲು ಬೇಡ. ಮಾರನೇ ದಿನವೇ ನೋಡಲು ಶುರು ಮಾಡು. ಲ್ಯಾಬಿನಲ್ಲಿ ಆಲ್ಸಿಯನ್ ಬ್ಲೂ ಬಣ್ಣ ಇದ್ದರೆ ಒಂದು ಹನಿ ಹಾಕು, ಹೆಟರೋಸಿಸ್ಟ್‌ನ ಹೊರಪದರ ನೀಲಿಯಾಗಿ ಎದ್ದು ಕಾಣುತ್ತದೆ. ಎರಡು ಹೆಟರೋಸಿಸ್ಟ್‌ಗಳ ನಡುವೆ ಎಷ್ಟು ಹಸಿರು ಕೋಶ ಅಂತ ಪ್ರತಿ ಎಳೆಗೂ ಬರೆದುಕೊಂಡು ಹೋಗು.

ಒಂದು ಮುಖ್ಯ ಎಚ್ಚರಿಕೆ. ಮನೆಯ ಬೋರ್‌ವೆಲ್ ನೀರಿನಲ್ಲಿ ದ್ರಾವಣ ಮಾಡಬೇಡ. ಬೆಂಗಳೂರಿನ ಎಷ್ಟೋ ಕಡೆ ಅಂತರ್ಜಲದಲ್ಲಿ ನೈಟ್ರೇಟ್ ಜಾಸ್ತಿ ಇದೆ. ಎರಡೂ ಬಾಟಲಿಯಲ್ಲಿ ಎಳೆಗಳು ಒಂದೇ ಥರ ಹಸಿರಾಗಿ ಉಳಿದುಬಿಡಬಹುದು. ಡಿಸ್ಟಿಲ್ಡ್ ವಾಟರ್ ತಗೋ, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಬೇಕಾದರೆ ಮೂರನೇ ಬಾಟಲಿಯನ್ನು ಬೋರ್‌ವೆಲ್ ನೀರಲ್ಲೇ ಮಾಡಿ ಪಕ್ಕದಲ್ಲಿಡು. ಅದರಲ್ಲಿ ಹೆಟರೋಸಿಸ್ಟ್ ಬಂತಾ ಇಲ್ವಾ ಅಂತ ಇಲ್ಲಿ ಬರೆದು ತಿಳಿಸು, ನಿಮ್ಮ ಬಡಾವಣೆ ಯಾವುದು ಅಂತಲೂ ಹೇಳು.